ಸ್ವಂತ ನೆಲದ ಮರ, ಊರಿನ ನೆರಳು: ಖಾಸಗಿ ಭೂಮಿಯ ವೃಕ್ಷರಕ್ಷಣೆಯ ಸಮೀಕ್ಷೆ

ಕೃಷ್ಣೆಗೂ ತುಂಗಭದ್ರೆಗೂ ನಡುವೆ ಹರಡಿಕೊಂಡಿರುವ, ಪ್ರಾಚೀನ ಶಾಸನಗಳು ಎಡೆದೊರೆ ನಾಡೆಂದು ಹೆಸರಿಸಿದ ರಾಯಚೂರಿನ ನೆಲದಲ್ಲಿ, ವೈಶಾಖದ ಬಿಸಿಲು ನಲವತ್ತು ಡಿಗ್ರಿಯನ್ನು ದಾಟಿ ನಿಂತಾಗ, ಅಂಗಳದ ಒಂದು ಬೇವಿನ ಮರ ಎಷ್ಟು ಬೆಲೆಯುಳ್ಳದ್ದೆಂಬುದನ್ನು ಯಾರೂ ಯಾರಿಗೂ ಬೋಧಿಸಬೇಕಾಗಿಲ್ಲ. ಆದರೆ ಆ ಮರ ಬೇರೂರಿದ ನೆಲವು ಒಬ್ಬನ ಸ್ವತ್ತು. ಅದರ ನೆರಳು ಬೀಳುವುದು ಬೀದಿಯ ಮೇಲೆ, ನೆರೆಮನೆಯ ಮಾಳಿಗೆಯ ಮೇಲೆ, ಹಾದಿಹೋಕನ ತಲೆಯ ಮೇಲೆ. ಒಡೆತನ ಒಬ್ಬನದಾಗಿ ಪ್ರಯೋಜನ ಹಲವರದಾಗಿರುವ ಇಂತಹ ವಸ್ತುವಿನ ವಿಷಯದಲ್ಲಿ ಕೊಡಲಿಯನ್ನು ತಡೆಯುವ ಅಧಿಕಾರ ಯಾರಿಗಿರಬೇಕು, ಎಷ್ಟರಮಟ್ಟಿಗೆ ಇರಬೇಕು, ತಡೆದಾಗ ಒಡೆಯನಿಗಾಗುವ ನಷ್ಟವನ್ನು ಯಾರು ಹೊರಬೇಕು ಎಂಬುದೇ ಈ ಲೇಖನದ ವಿಚಾರ. ಮೀಸಲು ಅರಣ್ಯದ ಮರಗಳಿಗೆ ಬೇರೆ ಕಾನೂನುಗಳಿವೆ, ಅವುಗಳ ಚರ್ಚೆ ಇಲ್ಲಿಲ್ಲ. ಮನೆಯ ಹಿತ್ತಲು, ಹೊಸ ಲೇಔಟು, ಕಾರ್ಖಾನೆಯ ಆವರಣ, ನೌಕರರ ಕಾಲನಿ, ಹೊಲದ ಬದು – ಇವಿಷ್ಟರ ಮೇಲಿರುವ ಮರಗಳೇ ನಮ್ಮ ಪ್ರಕೃತ ವಿಷಯ.

ಹಿಂದಿನಿಂದ ಬಂದ ದಾರಿ

ಮರವನ್ನು ಕಡಿದವನಿಗೆ ದಂಡ ವಿಧಿಸುವ ಕಲ್ಪನೆ ನಮ್ಮ ದೇಶದಲ್ಲಿ ಹೊಸದಲ್ಲ. ನಗರದ ಸಮೀಪದ ಉಪವನಗಳಲ್ಲಿ ಹೂ, ಹಣ್ಣು, ನೆರಳುಗಳನ್ನು ಕೊಡುವ ಮರಗಳ ಚಿಗುರನ್ನು ಕತ್ತರಿಸಿದರೆ 6 ಪಣ, ಸಣ್ಣ ಕೊಂಬೆಗೆ 12 ಪಣ, ದೊಡ್ಡ ಕೊಂಬೆಗೆ 24 ಪಣ ದಂಡವೆಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುವುದಲ್ಲದೆ, ಗಡಿಯ ಗುರುತಾಗಿ ನಿಂತ ಮರಗಳಿಗೂ ಪೂಜಾಸ್ಥಾನದ ಮರಗಳಿಗೂ ಆ ದಂಡವನ್ನು ಇಮ್ಮಡಿಗೊಳಿಸುತ್ತದೆ. ಮರದ ಸಾರ್ವಜನಿಕ ಪ್ರಯೋಜನ ಹೆಚ್ಚಿದಂತೆ ರಕ್ಷಣೆಯೂ ಹೆಚ್ಚಬೇಕೆಂಬ ತತ್ತ್ವ ಇಲ್ಲಿ ಸ್ಪಷ್ಟವಾಗಿ ತೋರುತ್ತದೆ. ರಾಯಚೂರು ಜಿಲ್ಲೆಯದೇ ಆದ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನು ನೇರವಾಗಿ ಹೇಳಿ ಚರಿತ್ರಕಾರರಿಗೆ ಮಹೋಪಕಾರ ಮಾಡಿದ ಶಾಸನದಲ್ಲಿ ಮರಗಳ ಮಾತಿಲ್ಲವಾದರೂ, ಅದೇ ಚಕ್ರವರ್ತಿಯ ಎರಡನೆಯ ಶಿಲಾಶಾಸನವೂ ಏಳನೆಯ ಸ್ತಂಭಶಾಸನವೂ ದಾರಿಯ ಬದಿಯಲ್ಲಿ ಮರ ನೆಡಿಸಿದುದನ್ನು ರಾಜಧರ್ಮದ ಅಂಗವಾಗಿಯೇ ಹೇಳಿಕೊಳ್ಳುತ್ತವೆ.

ಮಧ್ಯಕಾಲದ ಮತ್ತು ಆಧುನಿಕ ಕಾಲದ ಆರಂಭದ ಪ್ರಭುತ್ವಗಳಿಗೆ ಮರವು ನೆರಳಿಗಿಂತ ಹೆಚ್ಚಾಗಿ ಆದಾಯದ ಮೂಲವಾಗಿ ಕಂಡಿತು. ಮೈಸೂರು ಸೀಮೆಯಲ್ಲಿ ಶ್ರೀಗಂಧವು ರಾಜವೃಕ್ಷವೆನಿಸಿ, ರೈತನ ಸ್ವಂತ ಹೊಲದಲ್ಲಿ ತಾನಾಗಿ ಹುಟ್ಟಿದ ಗಿಡವೂ ಸರ್ಕಾರದ ಸೊತ್ತಾಗಿತ್ತು. ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿ 1879ರ ಭೂಕಂದಾಯ ಸಂಹಿತೆಯು ಸಾಗುವಳಿದಾರನಿಗೆ ಮರಗಳ ಮೇಲಿನ ಹಕ್ಕನ್ನು ಬಿಟ್ಟುಕೊಡುವಾಗಲೂ ಕೆಲವು ಜಾತಿಗಳನ್ನು ಸರ್ಕಾರ ತನಗೇ ಉಳಿಸಿಕೊಂಡಿತು. ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ರಾಯಚೂರಿಗೆ ಹೈದರಾಬಾದು ಸಂಸ್ಥಾನದ ಅರಣ್ಯ ಮತ್ತು ಕಂದಾಯ ಕಾನೂನುಗಳೇ ಅನ್ವಯವಾಗುತ್ತಿದ್ದವು. 1956ರಲ್ಲಿ ಈ ಭಾಗ ಮೈಸೂರು ರಾಜ್ಯವನ್ನು ಸೇರಿದ ಬಳಿಕ, 1963ರ ಕರ್ನಾಟಕ ಅರಣ್ಯ ಕಾಯ್ದೆಯು ಬೇರೆಬೇರೆ ಪ್ರಾಂತಗಳ ಕಾನೂನುಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಿತು. ಈ ದೀರ್ಘಕಾಲದಲ್ಲೆಲ್ಲ ಆಳುವವರು ಕೇಳಿದ ಪ್ರಶ್ನೆ ಮರದ ದಿಮ್ಮಿ ಯಾರದೆಂಬುದು. ಮರದ ನೆರಳು ಯಾರದೆಂಬ ಪ್ರಶ್ನೆಯನ್ನು ಕಾನೂನು ಕೇಳಿದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ.

1976ರ ಕಾಯ್ದೆ

ಆ ಪ್ರಶ್ನೆಗೆ ನಮ್ಮ ರಾಜ್ಯದ ಉತ್ತರವೇ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ. ಮಹಾರಾಷ್ಟ್ರವು ಅದಕ್ಕೆ ಒಂದು ವರ್ಷ ಮೊದಲು, ನಗರ ಪ್ರದೇಶಗಳಿಗೆ ಮಾತ್ರ ಸೀಮಿತವಾದ ಇಂತಹ ಕಾಯ್ದೆಯೊಂದನ್ನು ಮಾಡಿತ್ತು. ಕರ್ನಾಟಕದ ಕಾಯ್ದೆ ಗ್ರಾಮಾಂತರವನ್ನೂ ಒಳಗೊಂಡಿತು. ಅದರ ಪ್ರಕಾರ ಅರಣ್ಯಾಧಿಕಾರಿಗಳ ಪೈಕಿ ನೇಮಕಗೊಂಡ ವೃಕ್ಷಾಧಿಕಾರಿಯ ಪೂರ್ವಾನುಮತಿಯಿಲ್ಲದೆ ಒಡೆಯನು ತನ್ನ ನೆಲದ ಮರವನ್ನೂ ಕಡಿಯುವಂತಿಲ್ಲ. ಅನುಮತಿ ದೊರೆತಲ್ಲಿ ಬದಲಿಗೆ ಬೇರೆ ಸಸಿಯನ್ನು ನೆಡಬೇಕೆಂದು ವಿಧಿಸಬಹುದು. ಅನುಮತಿ ದೊರೆಯದಿದ್ದಲ್ಲಿ ವೃಕ್ಷ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ಈ ಪ್ರಾಧಿಕಾರದ ಕರ್ತವ್ಯ ಮೇಲ್ಮನವಿ ಕೇಳುವುದಷ್ಟೇ ಅಲ್ಲ. ಇರುವ ಮರಗಳ ಗಣತಿ ಮಾಡುವುದು, ಯಾವ ಬಗೆಯ ನೆಲದಲ್ಲಿ ಎಷ್ಟು ಮತ್ತು ಎಂತಹ ಮರಗಳಿರಬೇಕೆಂಬ ಮಾನದಂಡವನ್ನು ನಿಗದಿಮಾಡುವುದು ಕೂಡ ಅದರ ಹೊಣೆಯೆಂದು ಶಾಸನವೇ ಹೇಳಿದೆ.

ತೆಂಗು, ನೀಲಗಿರಿ, ಗಾಳಿಮರ, ಸಿಲ್ವರ್ ಓಕ್, ಸುಬಾಬುಲ್, ಬಳ್ಳಾರಿ ಜಾಲಿ ಮೊದಲಾದ ಕೆಲವು ಜಾತಿಗಳಿಗೆ ಪೂರ್ವಾನುಮತಿಯ ಕಟ್ಟಿನಿಂದ ವಿನಾಯಿತಿಯುಂಟು, ಈ ಪಟ್ಟಿ ಮುಂದಿನ ತಿದ್ದುಪಡಿಗಳಲ್ಲಿ ಇನ್ನಷ್ಟು ಬೆಳೆಯಿತು. ಸಾರ್ವಜನಿಕ ಕಾಮಗಾರಿಗಾಗಿ ಐವತ್ತಕ್ಕಿಂತ ಹೆಚ್ಚು ಮರಗಳು ಉರುಳಬೇಕಾದಲ್ಲಿ ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆಗಳನ್ನು ಆಹ್ವಾನಿಸಬೇಕೆಂಬ ನಿಯಮವೂ ತಿದ್ದುಪಡಿಯ ಮೂಲಕವೇ ಬಂದುದು. ಬೆಂಗಳೂರಿನಲ್ಲಿ ರಸ್ತೆ ವಿಸ್ತರಣೆ ಮತ್ತು ಮೆಟ್ರೋ ಕಾಮಗಾರಿಗಳ ಕಾಲದಲ್ಲಿ ನಾಗರಿಕರು ಹೈಕೋರ್ಟಿನ ಮೆಟ್ಟಿಲೇರಿ, ಮರಗಣತಿಗೂ ತಜ್ಞರ ಸಮಿತಿಗೂ ಆದೇಶಗಳನ್ನು ಪಡೆದದ್ದು ಈ ಕಾಯ್ದೆಯ ಬಲದಿಂದಲೇ. ಆದಕಾರಣ ಕಾಯ್ದೆ ನಿರರ್ಥಕವೆನ್ನುವಂತಿಲ್ಲ. ಆದರೆ ಅದರ ಪ್ರಾಣವಾದ ಗಣತಿ ಮತ್ತು ಮಾನದಂಡಗಳು ಹಿಂದೆ ಸರಿದು, ಕಡಿಯಲು ಅಪ್ಪಣೆ ಕೊಡುವ ಕಾರ್ಯವೊಂದೇ ಮುಂದೆ ಉಳಿಯಿತೆಂಬುದನ್ನು ಅದರ ಹಿತೈಷಿಗಳೂ ಒಪ್ಪಬೇಕಾಗಿದೆ.

ಮೊದಲನೆಯ ಪಕ್ಷ: ಅನುಮತಿಯೇ ರಕ್ಷೆ

ಖಾಸಗಿ ನೆಲದ ಮರವನ್ನು ಹೇಗೆ ಉಳಿಸಬೇಕೆಂಬುದರಲ್ಲಿ ಐದು ಪಕ್ಷಗಳುಂಟು. ಮರವು ಒಬ್ಬನ ನೆಲದಲ್ಲಿದ್ದರೂ ಸಮಷ್ಟಿಯ ಸಂಪತ್ತು, ಆದ್ದರಿಂದ ಅದರ ಅಳಿವು ಉಳಿವುಗಳನ್ನು ಒಡೆಯನ ಇಚ್ಛೆಗೆ ಬಿಡಲಾಗದು ಎಂಬುದು ಮೊದಲನೆಯ ಪಕ್ಷದ ಸಿದ್ಧಾಂತ. ದೆಹಲಿಯ 1994ರ ಕಾಯ್ದೆಯಲ್ಲಿ ಈ ನಿಲುವು ಅತ್ಯಂತ ನಿಷ್ಠುರವಾಗಿ ಕಾಣುತ್ತದೆ: ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿ 5 ಸೆಂಟಿಮೀಟರ್ ದಪ್ಪವಿದ್ದು, ಒಂದು ಮೀಟರ್ ಎತ್ತರ ಬೆಳೆದುದೆಲ್ಲ ಅದರ ಪಾಲಿಗೆ ಮರವೇ, ಬುಡ ಕಡಿಯುವುದಲ್ಲದೆ ತೊಗಟೆ ಸುಲಿಯುವುದು, ವಿಷವಿಕ್ಕುವುದು, ಸುಡುವುದು ಕೂಡ ಕಡಿತವೇ. ಸರ್ವೋಚ್ಚ ನ್ಯಾಯಾಲಯವು 2025ರ ಮಾರ್ಚಿನಲ್ಲಿ ಇದೇ ಪಕ್ಷಕ್ಕೆ ಬಲವಾದ ಬೆಂಬಲವಿತ್ತಿತು. ತಾಜಮಹಲಿನ ರಕ್ಷಣಾವಲಯದಲ್ಲಿ, ಮಥುರಾ–ವೃಂದಾವನದ ಒಂದು ಖಾಸಗಿ ಜಮೀನಿನಲ್ಲಿ ಉರುಳಿದ 454 ಮರಗಳಿಗಾಗಿ ಮರವೊಂದಕ್ಕೆ ಒಂದು ಲಕ್ಷ ರೂಪಾಯಿಯಂತೆ ದಂಡವನ್ನು ಅದು ಎತ್ತಿಹಿಡಿಯಿತು. ಆ ವಲಯದ ಖಾಸಗಿ ನೆಲಗಳಿಗೆ 2019ರಲ್ಲಿ ತಾನೇ ಕೊಟ್ಟಿದ್ದ ಸಡಿಲಿಕೆಯನ್ನೂ ಹಿಂತೆಗೆದುಕೊಂಡಿತು.

ಈ ಪಕ್ಷವು ಚೆನ್ನಾಗಿ ವಿವರಿಸುವ ಸಂಗತಿಯೆಂದರೆ ನಷ್ಟದ ಅಸಮತೆ. ಮರ ಕಡಿದ ಲಾಭ ಒಬ್ಬನಿಗೆ ಒಂದೇ ದಿನದಲ್ಲಿ ದೊರೆಯುವುದು, ನಷ್ಟವಾದರೋ ಊರಿಗೆಲ್ಲ ಹಂಚಿಹೋಗಿ ಹಲವು ದಶಕಗಳವರೆಗೆ ಸಾಗುವುದು. ಇಂತಹ ಸ್ಥಿತಿಯಲ್ಲಿ ಒಡೆಯನ ವಿವೇಕವೊಂದನ್ನೇ ನೆಚ್ಚಿದರೆ ಊರು ಸೋಲುವುದು ಖಂಡಿತ. ಅದು ವಿವರಿಸಲಾರದ ಸಂಗತಿಯೂ ಒಂದುಂಟು. ಅನುಮತಿಯ ನಿಯಮ ಐವತ್ತು ವರ್ಷ ಜಾರಿಯಲ್ಲಿದ್ದರೂ ಪಟ್ಟಣಗಳ ನೆರಳು ಏಕೆ ಕುಗ್ಗುತ್ತ ಬಂತು? ದಂಡ ಅಲ್ಪವೆಂಬುದು ಒಂದು ಕಾರಣ. ದೆಹಲಿಯ ಅಷ್ಟು ನಿಷ್ಠುರವಾದ ಕಾಯ್ದೆಯಲ್ಲಿಯೂ ದಂಡದ ಗರಿಷ್ಠ ಮೊತ್ತ ಒಂದು ಸಾವಿರ ರೂಪಾಯಿ. ಆದರೆ ದಂಡದ ಅಲ್ಪತೆಯಿಂದಲೇ ಎಲ್ಲವನ್ನೂ ವಿವರಿಸಲಾಗದು.

ಎರಡನೆಯ ಪಕ್ಷ: ಒಡೆತನವೇ ಪೋಷಣೆ

ಮರವನ್ನು ಬೆಳೆಸುವವನು ಒಡೆಯ. ಬೆಳೆಸಿದ ಫಲ ಅವನ ಕೈಗೆ ಬಾರದಂತೆ ಮಾಡಿದರೆ ಅವನು ನೆಡುವುದನ್ನೇ ಬಿಟ್ಟಾನು ಎಂಬುದು ಎರಡನೆಯ ಪಕ್ಷದ ವಾದ. ಇದಕ್ಕೆ ಶ್ರೀಗಂಧದ ಕಥೆಗಿಂತ ಬಲವಾದ ನಿದರ್ಶನ ಬೇಕಿಲ್ಲ. ಗಂಧದ ಮರ ಸರ್ಕಾರದ್ದಾಗಿದ್ದು ಅದರ ಕಾವಲಿನ ಹೊಣೆ ಮಾತ್ರ ರೈತನದಾಗಿದ್ದ ದಿನಗಳಲ್ಲಿ, ಬದುವಿನಲ್ಲಿ ಹುಟ್ಟಿದ ಗಂಧದ ಸಸಿ ರೈತನಿಗೆ ಭಾಗ್ಯವಾಗಿ ತೋರದೆ ಉಪದ್ರವವಾಗಿ ತೋರಿತು. 2001ರ ತಿದ್ದುಪಡಿಯಿಂದ ಮರದ ಒಡೆತನ ನೆಲದ ಒಡೆಯನಿಗೇ ಬಂದ ಮೇಲೆ ಅದೇ ಮರವನ್ನು ತೋಟವಾಗಿ ಬೆಳೆಸುವವರು ರಾಜ್ಯದ ಒಣಸೀಮೆಗಳಲ್ಲಿಯೂ ಕಾಣಿಸಿಕೊಂಡರು. 2014ರ ರಾಷ್ಟ್ರೀಯ ಕೃಷಿ ಅರಣ್ಯ ನೀತಿಯು ಕಡಿತ ಮತ್ತು ಸಾಗಾಟದ ನಿರ್ಬಂಧಗಳನ್ನು ಸಡಿಲಿಸಬೇಕೆಂದದ್ದೂ, 2017ರಲ್ಲಿ ಅರಣ್ಯದ ಹೊರಗಿನ ಬಿದಿರನ್ನು ಮರವೆಂಬ ವ್ಯಾಖ್ಯೆಯಿಂದಲೇ ಕೈಬಿಟ್ಟದ್ದೂ, 2025ರ ಜೂನಿನಲ್ಲಿ ಕೃಷಿಭೂಮಿಯ ಮರಗಳ ಕಡಿತಕ್ಕೆಂದು ಕೇಂದ್ರ ಸರ್ಕಾರ ಮಾದರಿ ನಿಯಮಗಳನ್ನು ಹೊರಡಿಸಿದ್ದೂ ಈ ಪಕ್ಷದ ಜಯಗಳೇ ಸರಿ. ಬದುಕಿ ಉಳಿದ ಸಸಿಗಳ ಲೆಕ್ಕದ ಮೇಲೆ ರೈತನಿಗೆ ಹಣ ಕೊಡುವ ನಮ್ಮ ರಾಜ್ಯದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ಮೂಲದಲ್ಲಿಯೂ ಇದೇ ತರ್ಕವಿದೆ.

ದಿಮ್ಮಿಗಾಗಿ ಬೆಳೆಸುವ ಮರಕ್ಕೆ ಈ ವಾದ ಸಲ್ಲುವುದೆಂಬುದರಲ್ಲಿ ಸಂದೇಹವಿಲ್ಲ. ನೆರಳಿನ ಮರಕ್ಕೆ ಮಾತ್ರ ಅದು ಸಲ್ಲದು. ಐವತ್ತು ವರ್ಷದ ಆಲಕ್ಕೋ ಹುಣಸೆಗೋ ಪೇಟೆಯಲ್ಲಿರುವುದು ಸೌದೆಯ ಬೆಲೆ. ಅದು ನಿಂತಿರುವ ಪ್ಲಾಟಿಗಾದರೆ ಚಿನ್ನದ ಬೆಲೆ. ಅಂತಹಲ್ಲಿ ಒಡೆಯನಿಗೆ ಪೂರ್ಣ ಸ್ವಾತಂತ್ರ್ಯ ಕೊಟ್ಟರೆ ಮರದ ಗತಿ ಏನಾಗುವುದೆಂದು ಹೇಳಲು ಪಾಂಡಿತ್ಯ ಬೇಕಿಲ್ಲ.

ಮೂರನೆಯ ಪಕ್ಷ: ಕಳೆದುದಕ್ಕೆ ಪ್ರತಿಯಾಗಿ

ಕಡಿಯುವುದನ್ನು ಪೂರ್ಣವಾಗಿ ತಡೆಯಲಾಗದಿದ್ದರೆ ಅದರ ಬೆಲೆಯನ್ನಾದರೂ ಕಟ್ಟಿಸಿಕೊಳ್ಳೋಣ, ಬದಲಿ ಸಸಿಗಳನ್ನು ನೆಡಿಸೋಣ, ಸಾಧ್ಯವಾದರೆ ಮರವನ್ನೇ ಬೇರುಸಹಿತ ಬೇರೆಡೆಗೆ ಸಾಗಿಸೋಣ ಎನ್ನುವವರು ಮೂರನೆಯ ಪಕ್ಷದವರು. ಪಶ್ಚಿಮ ಬಂಗಾಳದ ರೈಲ್ವೆ ಮೇಲ್ಸೇತುವೆಗಳ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ನೇಮಿಸಿದ ತಜ್ಞರ ಸಮಿತಿ, ಒಂದು ಮರದ ಬೆಲೆ ವರ್ಷಕ್ಕೆ 74,500 ರೂಪಾಯಿ ಎಂದು 2021ರಲ್ಲಿ ಲೆಕ್ಕಹಾಕಿ, ಅದನ್ನು ಮರದ ವಯಸ್ಸಿನಿಂದ ಗುಣಿಸಬೇಕೆಂದು ಸೂಚಿಸಿತು. ಮರವೆಂದರೆ ಬರಿಯ ಸೌದೆಯಲ್ಲವೆಂಬುದನ್ನು ರೂಪಾಯಿಯ ಭಾಷೆಯಲ್ಲಿ ಹೇಳಿದ್ದು ಈ ಪಕ್ಷದ ದೊಡ್ಡ ಸಾಧನೆ.

ಆದರೆ ಸಂಖ್ಯೆಗೆ ಸಂಖ್ಯೆ ಕೂಡಿಸುವ ಈ ಲೆಕ್ಕದಲ್ಲಿ ಕಾಲವೆಂಬ ಅಂಶ ಬಿಟ್ಟುಹೋಗುತ್ತದೆ. ಮರದ ತಂಪು ಹುಟ್ಟುವುದು ಅದರ ಎಲೆಗಳ ಒಟ್ಟು ವಿಸ್ತಾರದಿಂದ, ಆ ಎಲೆಗಳು ಆವಿಯಾಗಿ ಬಿಡುವ ನೀರಿನಿಂದ. ಹತ್ತು ಸಸಿಗಳ ಎಲೆಗಳನ್ನು ಕೂಡಿಸಿದರೂ ಒಂದು ಪ್ರೌಢ ಬೇವಿನ ಒಂದು ಕೊಂಬೆಗೆ ಸಮವಾಗಲಾರವು. ಎಡೆದೊರೆಯ ನೆಲದಲ್ಲಂತೂ ಮೊದಲ ಎರಡು ಮೂರು ಬೇಸಿಗೆಗಳಲ್ಲಿ ಕೈಯಾರೆ ನೀರೆರೆಯದ ಸಸಿ ಬದುಕುವ ಆಸೆ ಕಡಿಮೆ. ನೆಟ್ಟದ್ದನ್ನು ಎಣಿಸುವ ನಿಯಮ ಉಳಿದದ್ದನ್ನು ಎಣಿಸದಿದ್ದರೆ ಪರಿಹಾರವೆಂಬುದು ಹೆಸರಿಗಷ್ಟೇ ಉಳಿಯುತ್ತದೆ.

ನಾಲ್ಕನೆಯ ಪಕ್ಷ: ನಕ್ಷೆಯಲ್ಲಿಯೇ ಮರ

ಕೊಡಲಿ ಬಂದ ಬಳಿಕ ವಾದಿಸುವುದಕ್ಕಿಂತ, ಮನೆಯ ನಕ್ಷೆ ಬರೆಯುವಾಗಲೇ ಮರವನ್ನು ಗುರುತಿಸುವುದು ಮೇಲೆಂಬುದು ನಗರಯೋಜಕರ ಪಕ್ಷ. ಇಂಗ್ಲೆಂಡಿನಲ್ಲಿ 1947ರ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆಯ ಕಾಲದಿಂದ ಸ್ಥಳೀಯ ಯೋಜನಾ ಪ್ರಾಧಿಕಾರವು ಇಂತಹ ಮರವನ್ನು, ಇಂತಹ ತೋಪನ್ನು ಕಾಪಾಡಬೇಕೆಂದು ಹೆಸರಿಸಿ ಆಜ್ಞೆ ಹೊರಡಿಸಬಹುದು. ಅನುಮತಿ ನಿರಾಕರಿಸಿದ್ದರಿಂದ ಒಡೆಯನಿಗೆ ನಷ್ಟವಾದರೆ ಕೆಲವು ಸಂದರ್ಭಗಳಲ್ಲಿ ಅವನು ಪರಿಹಾರವನ್ನೂ ಕೇಳಬಹುದು. ಬರ್ಲಿನ್ ನಗರದಲ್ಲಿ 1.3 ಮೀಟರ್ ಎತ್ತರದಲ್ಲಿ 80 ಸೆಂಟಿಮೀಟರ್ ಸುತ್ತಳತೆ ಮುಟ್ಟಿದ ಮರಗಳಿಗೆ ರಕ್ಷಣೆಯಿದ್ದು, ಹೆಚ್ಚಿನ ಹಣ್ಣಿನ ಮರಗಳಿಗೆ ವಿನಾಯಿತಿಯಿದೆ. ಸಿಂಗಪುರವು 1991ರಲ್ಲಿ ವೃಕ್ಷರಕ್ಷಣಾ ವಲಯಗಳನ್ನು ಘೋಷಿಸಿ, ಆ ವಲಯಗಳಲ್ಲಿ ಒಂದು ಮೀಟರ್ ಸುತ್ತಳತೆ ಮೀರಿದ ಮರಗಳನ್ನು ಅನುಮತಿಯಿಲ್ಲದೆ ಮುಟ್ಟದಂತೆ ಮಾಡಿತು.

ಈ ಪಕ್ಷದ ಹೆಚ್ಚಿನ ಗುಣವೆಂದರೆ ಅದು ಬೇರಿನ ಕಡೆಗೂ ಕಣ್ಣು ಹಾಯಿಸುತ್ತದೆ. ನೀರುಂಡು ಮರವನ್ನು ಬದುಕಿಸುವ ಬೇರುಗಳು ಬಹುಪಾಲು ನೆಲದ ಮೇಲ್ಪದರದಲ್ಲಿಯೇ ಇದ್ದು, ಕೊಂಬೆಗಳ ಹರವನ್ನೂ ಮೀರಿ ಚಾಚಿಕೊಂಡಿರುತ್ತವೆ. ಬುಡದವರೆಗೆ ಕಾಂಕ್ರೀಟು ಸುರಿದರೆ ಮರವನ್ನು ಯಾರೂ ಕಡಿಯದೆಯೇ ಅದು ಸಾಯುತ್ತದೆ. ದೆಹಲಿಯ ಮರಗಳ ಬುಡದ ಸುತ್ತ ಒಂದು ಮೀಟರ್ ಜಾಗವನ್ನು ಕಾಂಕ್ರೀಟಿನಿಂದ ಮುಕ್ತವಾಗಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಲಿ 2013ರಲ್ಲಿ ಆದೇಶಿಸಿದ್ದು ಈ ಕಾರಣದಿಂದ. ಕಡಿತವನ್ನಷ್ಟೇ ಅಪರಾಧವೆಂದೆಣಿಸುವ ನಿಯಮಕ್ಕೆ ಈ ನಿಧಾನವಾದ ಮರಣ ಕಾಣಿಸುವುದೇ ಇಲ್ಲ. ಯೋಜನಾಪಕ್ಷದ ದೌರ್ಬಲ್ಯವಾದರೋ ಸಾಮರ್ಥ್ಯದ ಕೊರತೆ: ನಕ್ಷೆಯನ್ನು ಓದಿ ಸ್ಥಳಕ್ಕೆ ಹೋಗಿ ನೋಡುವ ಮರಬಲ್ಲ ಸಿಬ್ಬಂದಿಯಿಲ್ಲದ ಊರಿನಲ್ಲಿ ಈ ನಿಯಮಗಳು ಕಡತದಲ್ಲಿಯೇ ನಿಲ್ಲುತ್ತವೆ.

ಐದನೆಯ ಪಕ್ಷ: ಊರಿನ ಕಾವಲು

ಕಾನೂನು ಹುಟ್ಟುವ ಮೊದಲೇ ಮರಗಳನ್ನು ಕಾಯ್ದುದು ಜನರ ಭಕ್ತಿ ಮತ್ತು ರೂಢಿ. ಅರಳಿಕಟ್ಟೆಯ ಅರಳಿಯನ್ನೂ, ದಸರೆಯಲ್ಲಿ ಪೂಜೆಗೊಳ್ಳುವ ಬನ್ನಿಯನ್ನೂ ಊರಿನವರ ಕಣ್ಣು ತಪ್ಪಿಸಿ ಕಡಿಯುವ ಧೈರ್ಯ ಇಂದಿಗೂ ಸುಲಭವಾಗಿ ಬಾರದು. 2002ರ ಜೀವವೈವಿಧ್ಯ ಕಾಯ್ದೆಯು ಈ ರೂಢಿಗೆ ಶಾಸನದ ಆಸರೆ ಕೊಟ್ಟಿತು. ದೇವನಹಳ್ಳಿಯ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪರಂಪರೆಯ ತಾಣವಾದುದು ಕನ್ನಡಿಗರ ಹೆಮ್ಮೆಯ ವಿಷಯ. ಆದರೆ ಪೂಜ್ಯತೆಯ ಕೃಪೆ ಎಲ್ಲ ಜಾತಿಗಳಿಗೂ ಒಂದೇ ಸಮನಾಗಿಲ್ಲ. ಅರಳಿಯನ್ನು ಉಳಿಸಿದ ಭಾವನೆ ಕರಿಜಾಲಿಯನ್ನೂ ಮುತ್ತುಗವನ್ನೂ ಉಳಿಸಲಾರದು. ಹೊಸ ಬಡಾವಣೆಯಲ್ಲಿ ಹಳೆಯ ಊರಿನ ಒಮ್ಮತವೂ ಇರಲಾರದು.

ಎಡೆದೊರೆಯ ಮೂರು ಬಗೆಯ ನೆಲ

ಈ ಐದು ಪಕ್ಷಗಳನ್ನು ರಾಯಚೂರು ಸೀಮೆಯ ನೆಲಕ್ಕೆ ತಂದು ಒರೆಹಚ್ಚಿದಾಗ, ಒಂದೇ ನಿಯಮ ಎಲ್ಲೆಡೆಗೂ ಸಾಲದೆಂಬುದು ಗೋಚರವಾಗುತ್ತದೆ.

ಮೊದಲನೆಯದು ಕೃಷ್ಣೆಯ ದಡದ ಶಕ್ತಿನಗರ. ಕರ್ನಾಟಕ ವಿದ್ಯುತ್ ನಿಗಮದ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ ಇಲ್ಲಿ 1985ರಲ್ಲಿ ಆರಂಭವಾಗಿ, ಮುಂದೆ ಎಂಟು ಘಟಕಗಳು ಸೇರಿ ಸ್ಥಾವರದ ಸಾಮರ್ಥ್ಯ 1,720 ಮೆಗಾವಾಟಿಗೆ ಏರಿತು. ಪರಿಸರ ಸಂರಕ್ಷಣಾ ಕಾಯ್ದೆ 1986ರದು, ಪರಿಸರ ಪರಿಣಾಮದ ಮೊದಲ ಅಧಿಸೂಚನೆ 1994ರದು. ಎಂದರೆ ಸ್ಥಾವರ ಹುಟ್ಟಿದ್ದು ಕಾರ್ಖಾನೆಯ ಸುತ್ತ ಮರಗಳ ಹಸಿರುಪಟ್ಟಿ ಬೆಳೆಸಬೇಕೆಂಬ ಷರತ್ತುಗಳು ಕಟ್ಟುನಿಟ್ಟಾಗುವ ಮೊದಲು. ಕಲ್ಲಿದ್ದಲ ಬೂದಿಯ ನೆರೆಯಲ್ಲಿ ಬದುಕುವ ಜನರಿಗೆ ಕಾಲನಿಯ ಮರಗಳು ನೆರಳಷ್ಟೇ ಅಲ್ಲ, ಧೂಳನ್ನು ಎಲೆಗಳ ಮೇಲೆ ತಡೆದು ನಿಲ್ಲಿಸುವ ತೆರೆಗಳೂ ಹೌದು. ಇಲ್ಲಿ ಒಡೆಯ ಒಬ್ಬನೇ, ಅದೂ ಸಾರ್ವಜನಿಕ ಸಂಸ್ಥೆ. ಆದ್ದರಿಂದ ಮರಗಳ ಪಟ್ಟಿ, ಪಾಲನೆಯ ಯೋಜನೆ, ವಾರ್ಷಿಕ ವರದಿ ಇವನ್ನು ಕೇಳುವುದು ಸುಲಭ, ಕೇಳುವುದು ನ್ಯಾಯವೂ ಹೌದು. ಯೋಜನಾಪಕ್ಷಕ್ಕೆ ಇದಕ್ಕಿಂತ ಅನುಕೂಲವಾದ ನೆಲ ಸಿಗಲಾರದು.

ಎರಡನೆಯದು, ಈಚೆಗೆ ಮಹಾನಗರ ಪಾಲಿಕೆಯ ಪದವಿಗೇರಿದ ರಾಯಚೂರು ನಗರ. ಹೊಲಗಳು ಕೃಷಿಯೇತರ (ಎನ್.ಎ.) ಪ್ಲಾಟುಗಳಾಗಿ ಮಾರ್ಪಡುವ ಸಮಯದಲ್ಲಿ, ಲೇಔಟಿನ ನಕ್ಷೆ ಮಂಜೂರಾಗುವ ಮೊದಲೇ ನೆಲ ಸಮತಟ್ಟಾಗಿಬಿಡುವುದರಿಂದ, ಉದ್ಯಾನಕ್ಕೆಂದು ಮೀಸಲಿಟ್ಟ ಜಾಗದಲ್ಲಿ ಆಮೇಲೆ ನೆಡುವ ಸಸಿ ಹಳೆಯ ಮರದ ಸ್ಥಾನವನ್ನು ತುಂಬದು. ಮನೆಯವರ ಭಯವನ್ನೂ ಅಲ್ಲಗಳೆಯುವಂತಿಲ್ಲ. ಎರೆಮಣ್ಣು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ನೆಲ. ಗೋಡೆಯ ಹತ್ತಿರದ ದೊಡ್ಡ ಮರ ಅದರ ತೇವವನ್ನು ಹೀರಿದಾಗ ಅಡಿಪಾಯದ ಒಂದು ಬದಿ ಕುಸಿದು ಗೋಡೆ ಸೀಳಬಹುದು. ಜೇಡಿಮಣ್ಣಿನ ಲಂಡನ್ ಸೀಮೆಯಲ್ಲಿಯೂ ಮರ ಮತ್ತು ಮನೆಗಳ ವ್ಯಾಜ್ಯಗಳಿಗೆ ಇದೇ ಮೂಲ. ಆದಕಾರಣ ಎರೆನೆಲದ ಊರಿನ ನಿಯಮವು ಯಾವ ಜಾತಿಯನ್ನು ಗೋಡೆಯಿಂದ ಎಷ್ಟು ದೂರದಲ್ಲಿ ನೆಡಬೇಕೆಂಬುದನ್ನೂ, ಇರುವ ಮರಕ್ಕೆ ಹೊಂದುವ ಅಡಿಪಾಯ ಹೇಗಿರಬೇಕೆಂಬುದನ್ನೂ ಹೇಳದೆ ಹೋದರೆ, ಮನೆಯವನು ಮರವನ್ನು ಶತ್ರುವೆಂದೇ ಭಾವಿಸುವನು.

ಮೂರನೆಯದು ದೇವದುರ್ಗ, ಮಾನ್ವಿಗಳ ಹೊಲ. ತುಂಗಭದ್ರೆಯ ಎಡದಂಡೆ ಕಾಲುವೆ, ನಾರಾಯಣಪುರದ ಬಲದಂಡೆ ಕಾಲುವೆಗಳ ನೀರು ಬಂದಲ್ಲಿ ಜೋಳದ ಹೊಲ ಭತ್ತದ ಗದ್ದೆಯಾಗುತ್ತ, ಬದುವಿನ ಬೇವು, ಬನ್ನಿ, ಜಾಲಿಗಳು ಬೆಳೆಗೆ ನೆರಳಾಗುವುವೆಂದೂ ಟ್ರ್ಯಾಕ್ಟರಿಗೆ ಅಡ್ಡಿಯೆಂದೂ ಎಣಿಕೆಗೆ ಬಂದವು. ಇಲ್ಲಿ ರೈತನನ್ನು ಕಚೇರಿಯಿಂದ ಕಚೇರಿಗೆ ಅಲೆಸುವ ನಿಯಮ ಹೊಸ ಗಿಡ ನೆಡದಂತೆ ಅವನನ್ನು ಹೆದರಿಸುವುದೇ ಹೆಚ್ಚು. ಬಳ್ಳಾರಿ ಜಾಲಿಗೆ ವಿನಾಯಿತಿಯಿರುವುದು ಬೀಳುನೆಲವನ್ನು ತೆರವುಮಾಡಲು ಸಹಾಯಕವೇನೋ ಹೌದು. ಆದರೆ ಅದರೊಡನೆ ನಾಡಜಾಲಿಯೂ ಬನ್ನಿಯೂ ಕಟ್ಟಿಗೆ ಅಡ್ಡೆಗೆ ಸಾಗಿಹೋಗದಂತೆ ನೋಡುವವರು ಬೇಕು. ಒಡೆತನದ ಪಕ್ಷದ ಪ್ರೋತ್ಸಾಹವನ್ನೂ ಊರಿನ ಕಾವಲನ್ನೂ ಹೊಲದಲ್ಲಿ ಜೊತೆಯಾಗಿಯೇ ನಡೆಸಬೇಕು.

ಇನ್ನೂ ಇತ್ಯರ್ಥವಾಗದ ಸಂಗತಿಗಳು

ಇಷ್ಟು ವಿಚಾರ ಮಾಡಿದ ಮೇಲೂ ಕೆಲವು ಪ್ರಶ್ನೆಗಳು ತೀರ್ಮಾನವಾಗದೆ ಉಳಿಯುತ್ತವೆ. ಊರಿನ ಹಿತಕ್ಕಾಗಿ ಒಡೆಯನು ಮರವನ್ನು ಉಳಿಸಿಕೊಂಡರೆ, ಅವನು ಕಳೆದುಕೊಂಡ ಕಟ್ಟಡದ ಜಾಗಕ್ಕೆ ಊರು ಏನು ಕೊಡಬೇಕು: ತೆರಿಗೆಯ ರಿಯಾಯಿತಿಯೇ, ಮತ್ತೊಂದು ಅಂತಸ್ತಿನ ಅನುಮತಿಯೇ, ನಗದು ಹಣವೇ? ರಕ್ಷಣೆಗೆ ಅರ್ಹತೆಯನ್ನು ಜಾತಿಯಿಂದ ನಿರ್ಣಯಿಸಬೇಕೋ, ಸುತ್ತಳತೆಯಿಂದಲೋ, ವಯಸ್ಸಿನಿಂದಲೋ? ನಿಧಾನವಾಗಿ ಬೆಳೆಯುವ ಒಣಸೀಮೆಯ ಬನ್ನಿಗೆ ಮಳೆನಾಡಿನ ಸುತ್ತಳತೆಯ ಅಳತೆ ಅನ್ಯಾಯವಾಗದೆ? ಬೀಳಬಹುದಾದ ಮರವನ್ನು ಉಳಿಸಿ, ಅದು ಬಿದ್ದು ಹಾನಿಯಾದರೆ ಹೊಣೆ ಒಡೆಯನದೋ, ಅನುಮತಿ ನಿರಾಕರಿಸಿದವರದೋ? ನಿರ್ಣಯದ ಅಧಿಕಾರ ಅರಣ್ಯ ಇಲಾಖೆಯಲ್ಲಿಯೇ ಉಳಿಯಬೇಕೋ, ಪಾಲಿಕೆ ಮತ್ತು ಗ್ರಾಮ ಪಂಚಾಯಿತಿಗಳಿಗೆ ಇಳಿಯಬೇಕೋ? ಸ್ಥಳೀಯ ಸಂಸ್ಥೆ ಮರಕ್ಕೆ ಹತ್ತಿರವೆಂಬುದು ನಿಜ; ಸ್ಥಳೀಯ ಒತ್ತಡಗಳಿಗೂ ಅದು ಅಷ್ಟೇ ಹತ್ತಿರ.

ಇವುಗಳ ತೀರ್ಮಾನಕ್ಕಾಗಿ ಕಾಯದೆ ಇಂದೇ ಮಾಡಬಹುದಾದ ಕಾರ್ಯವೊಂದಿದೆ, ಅದಕ್ಕೆ ಹೊಸ ಕಾನೂನೂ ಬೇಕಿಲ್ಲ. 1976ರ ಕಾಯ್ದೆಯೇ ವಿಧಿಸಿರುವ ಮರಗಣತಿಯನ್ನು ವಾರ್ಡುವಾರಾಗಿ, ಗ್ರಾಮವಾರಾಗಿ ನಡೆಸಿ, ಎಲ್ಲರೂ ನೋಡುವಂತೆ ಪ್ರಕಟಿಸುವುದೇ ಆ ಕಾರ್ಯ. ಎಣಿಕೆಯಿಲ್ಲದ ಮರ ಕಣ್ಮರೆಯಾದರೆ ಅದು ಇತ್ತೆಂದು ಸಾಧಿಸುವುದೂ ಕಷ್ಟ. ಪಟ್ಟಿಗೆ ಸೇರಿದ ಮರಕ್ಕಾದರೋ ಒಡೆಯನೊಡನೆ ಊರೂ ಸಾಕ್ಷಿ. ಅನುಮತಿಯಿರಲಿ, ಪ್ರೋತ್ಸಾಹವಿರಲಿ, ಪರಿಹಾರವಿರಲಿ, ನಕ್ಷೆಯಿರಲಿ, ಕಾವಲಿರಲಿ, ಎಲ್ಲಕ್ಕೂ ಆ ಪಟ್ಟಿಯೇ ತಳಹದಿ. ಶಕ್ತಿನಗರದ ಕಾಲನಿ, ರಾಯಚೂರಿನ ಬಡಾವಣೆ, ದೇವದುರ್ಗ ಮಾನ್ವಿಗಳ ಬದುಗಳಲ್ಲಿ ಬಾಳುವ ಓದುಗರು ತಮ್ಮ ಪಾಲಿಕೆಯನ್ನೂ ಪಂಚಾಯಿತಿಯನ್ನೂ ಮೊದಲು ಕೇಳಬೇಕಾದ ಪ್ರಶ್ನೆ ಇದೊಂದೇ: ನಮ್ಮೂರಿನ ಮರಗಳ ಪಟ್ಟಿ ಎಲ್ಲಿದೆ?